‘ಬೇ’ ಎಂದ ಮೇಲೆ

ಶನಿವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಅಂಚೆ ಕಚೇರಿ ಬಾಗಿಲು ಹಾಕಿರಬಹುದೇ ಎಂದು ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಗೋಡೆ ಗಡಿಯಾರವನ್ನು ನಾನು ಆಗಷ್ಟೇ ನೋಡಿದ್ದೆ. ಅದಕ್ಕೇ ಗಂಟೆ ಇಷ್ಟು ಖಚಿತವಾಗಿ ನೆನಪಿದೆ. ಗಡಿಯಾರದಿಂದ ಕಣ್ಣು ತೆಗೆದಾಗ ಬೀದಿಯ ಆಚೆ ಬದಿಯಲ್ಲಿ ನನ್ನ ಹೆಂಡತಿ ನೀಲ ಬರುತ್ತಿದ್ದಳು. ಕಂಕುಳಲ್ಲಿ ಮಗಳು ಗೌರಿ, ಕೈಯಲ್ಲಿ ಬೆಲ್ಲದ ಪೊಟ್ಟಣ. ಮಂಡಿಯ ಮುಂದೆ ಕೇರಳದ ಕಡೆ ಹೋಗುವ ಲಾರಿಗೆ ಮೂಟೆ ಏರಿಸುತ್ತಿದ್ದರು. ಮೇಲಿದ್ದ ಹಮಾಲಿ, ‘ಅತ್ಲಾಗ್ ಓಗ್ರವ್ವೋ’ ಎಂದು ಕೂಗಿದ. ಅವಳು ತಲೆ ಎತ್ತಿ ನೋಡಿದಳು. ನೋಡಿದವಳು ಓಡಲಿಲ್ಲ, ಮಗುವಿನ ಮೇಲೆ ಬಾಗಿದಳು.

ಮೂಟೆ ಅವಳ ಹೆಗಲಿಗೆ ಬಿತ್ತು. ತಲೆ ಹೋಗಿ ಅಂಗಡಿಯ ಜಗಲಿ ಕಲ್ಲಿಗೆ ಬಡಿಯಿತು. ಆ ಸದ್ದು ದೊಡ್ಡದೇನಲ್ಲ. ತೆಂಗಿನಕಾಯಿಯನ್ನು ನೆಲಕ್ಕೆ ಇಟ್ಟಂತಹ ಸದ್ದು. ಮೂಟೆಯ ಬಾಯಿ ಬಿಚ್ಚಿ ಈರುಳ್ಳಿ ಬೀದಿಯ ತುಂಬ ಉರುಳಿತು. ನಾನು ಓಡಿ ಹೋಗುವಷ್ಟರಲ್ಲಿ ಗೌರಿ ಅವಳ ತೋಳಿನ ಸಂದಿಯಿಂದ ಹೊರಗೆ ಬಂದು, ಒಂದು ಈರುಳ್ಳಿ ಎತ್ತಿಕೊಂಡು, ಅವ್ವನ ಮುಖದ ಮುಂದೆ ಹಿಡಿದು ಕೂತಿದ್ದಳು. ಮಗುವಿಗೆ ಒಂದು ಗೀರೂ ಇರಲಿಲ್ಲ.

ಇದು ಕನ್ನಡ ರಾಜ್ಯ ಒಂದಾಗುವುದಕ್ಕೆ ಹಿಂದಿನ ವರ್ಷದ ಮಾತು. ಈಗಲೂ ಲಾರಿಯ ಮೇಲೆ ನಿಂತ ಮನುಷ್ಯನನ್ನು ಕಂಡರೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ತಲೆಗೆ ಪೆಟ್ಟು ಬಿದ್ದು ಮಾತು ತೊದಲುವವರ ಮನೆಗಳು ಇನ್ನೂ ಇರಬಹುದು. ನಾವು ಕಂಡಷ್ಟನ್ನು ಅಂತಹವರಿಗೆ ಹೇಳಬೇಕೆನಿಸಿ ಬರೆಯುತ್ತಿದ್ದೇನೆ.

ಊರಿನ ಡಾಕ್ಟರು ಬಟ್ಟೆ ಸುತ್ತಿ, ‘ಇಲ್ಲಿ ಇಟ್ಟುಕೊಳ್ಳಬೇಡಿ, ಮೈಸೂರಿಗೆ ಒಯ್ಯಿರಿ’ ಎಂದರು. ಮಂಡಿಯವರೇ ಕಾರು ಮಾಡಿಕೊಟ್ಟರು. ಮೈಸೂರಿನ ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರ ಬರುವ ತನಕ ನಾನೂ ನೀಲಳ ತವರು ಉಡಿಗಾಲದಿಂದ ಬಂದ ಅತ್ತೆಯೂ ಹೊರಗಿನ ಹಜಾರದಲ್ಲಿ ಗೋಡೆಗೆ ಒರಗಿ ಕೂತಿದ್ದೆವು. ಅತ್ತೆ ಸೆರಗಿನ ತುದಿಯಲ್ಲಿ ವಿಭೂತಿ ಉಂಡೆ ಕಟ್ಟಿಕೊಂಡು ಬಂದಿದ್ದರು. ದಾದಿ ಬಾಗಿಲು ತೆರೆದಾಗಲೆಲ್ಲ ಅದನ್ನು ಬೆರಳಿಗೆ ಹಚ್ಚಿಕೊಂಡು ಎದ್ದು ನಿಲ್ಲುವರು. ಬಾಗಿಲು ಮುಚ್ಚಿದರೆ ತಮ್ಮ ಹಣೆಗೇ ಒರೆಸಿಕೊಂಡು ಕೂರುವರು. ಪಕ್ಕದಲ್ಲಿದ್ದ ಕೊಳ್ಳೇಗಾಲದ ಕಡೆಯ ಒಬ್ಬ ಮುದುಕ ತನ್ನ ಚಾಪೆಯ ಅರ್ಧವನ್ನು ನಮ್ಮ ಕಡೆ ಸರಿಸಿದ. ಅವನ ಮಗನೂ ಒಳಗಿದ್ದ. ನಮ್ಮ ಹೆಸರು ಅವನು ಕೇಳಲಿಲ್ಲ, ಅವನ ಹೆಸರು ನಾವೂ ಕೇಳಲಿಲ್ಲ.

ಎಚ್ಚರ ಬಂದ ಮೇಲೆ ದೊಡ್ಡ ಡಾಕ್ಟರು ಬಂದು ಅವಳ ಕಣ್ಣು, ಕೈ, ಕಾಲು ಎಲ್ಲ ನೋಡಿದರು. ನಂತರ ಕೇಳಿದರು:

‘ನಿಮ್ಮ ಯಜಮಾನರ ಹೆಸರೇನಮ್ಮ?’

ನೀಲ ತುಟಿ ಬಿಗಿದುಕೊಂಡು ಗೋಡೆಯ ಕಡೆ ನೋಡಿದಳು. ಡಾಕ್ಟರು ಮತ್ತೆ ಕೇಳಿದರು. ಅವಳು ಕಣ್ಣು ಮುಚ್ಚಿಕೊಂಡಳು. ಅವರು ಪಕ್ಕದಲ್ಲಿದ್ದ ಚಿಕ್ಕ ಡಾಕ್ಟರ ಕಡೆ ತಿರುಗಿ, ನೆನಪು ಹೋಗಿರುವ ಹಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಅದು ಅರ್ಥವಾಯಿತು. ಅತ್ತೆಗೆ ಇಂಗ್ಲಿಷು ಬಾರದಿದ್ದರೂ ಅವರ ಮುಖದಿಂದಲೇ ತಿಳಿಯಿತು.

‘ನೆನ್ಪೆಲ್ಲಾ ಅದ ಸ್ವಾಮಿ. ಗಂಡನ ಎಸ್ರ ಯಾವ್ ಎಂಗ್ಸು ಬಾಯ್ಬುಟ್ಟು ಏಳ್ತಾಳು? ಬ್ಯಾರೆ ಏನಾರ ಕೇಳಿ.’

ಡಾಕ್ಟರು ನಕ್ಕರು. ನಾನೂ ನಕ್ಕೆ. ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕದ್ದು.

‘ಸರಿ, ಮಗಳ ಹೆಸರು ಹೇಳಮ್ಮ. ಅದಕ್ಕೇನೂ ಅಡ್ಡಿಯಿಲ್ಲವಲ್ಲ?’

ನೀಲಳೂ ನಗುತ್ತಲೇ ಬಾಯಿ ತೆರೆದಳು. ‘ಗೌ... ಗೌ... ಗೌ...’

ಅಳು ಉಕ್ಕಿ ಗಂಟಲು ಕಟ್ಟಿದೆ ಎಂದುಕೊಂಡೆವು. ಅವಳು ಕುತ್ತಿಗೆ ಮುಂದೆ ಚಾಚಿ, ಕಣ್ಣು ಅಗಲಿಸಿ, ಮತ್ತೆ ಮತ್ತೆ ಅದೇ ಅಕ್ಷರಕ್ಕೆ ಬಂದು ನಿಂತಳು. ಅವಳಿಗೂ ಆಗಲೇ ಗೊತ್ತಾದದ್ದು. ಅವಳ ಮುಖದಲ್ಲಿ ನಗು ಇನ್ನೂ ಪೂರ್ತಿ ಅಳಿಸಿರಲಿಲ್ಲ. ಅದರ ಮೇಲೆಯೇ ಹೆದರಿಕೆ ಬಂದು ಕೂತಿತು. ಆ ಮುಖವನ್ನು ನಾನು ಮರೆಯುವ ಹಾಗಿಲ್ಲ.

ಒಳಗಿನ ಊತ ಇಳಿದರೆ ಮಾತು ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು. ವಾರ್ಡಿನಲ್ಲಿ ಒಂದು ಸಲ ಮೈ ಸೆಟೆದು ಫಿಟ್ಸ್ ಬಂದದ್ದರಿಂದ ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟರು. ತಾವು ಹೇಳದೆ ಅದನ್ನು ನಿಲ್ಲಿಸಕೂಡದು ಎಂದು ಬಾಗಿಲ ತನಕ ಬಂದು ಹೇಳಿದರು.

ನೀಲ ಮೊದಲು ಹೇಗೆ ಮಾತಾಡುತ್ತಿದ್ದಳು ಎಂದು ಹೇಳದಿದ್ದರೆ ನಾವು ಕಳೆದುಕೊಂಡದ್ದು ಏನೆಂದು ಗೊತ್ತಾಗುವುದಿಲ್ಲ. ನಮ್ಮವ್ವ ಅವಳಿಗೆ ಇಟ್ಟಿದ್ದ ಹೆಸರು ರಾಗಿ ಮಿಷನ್ನು. ‘ಶುರುವಾದ್ರೆ ಹಿಟ್ಟು ಬೀಳ್ತಾನೇ ಇರ್ತದ’ ಎನ್ನುವರು. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಬೀದಿಯ ಸಮಾಚಾರವೆಲ್ಲ ಮುಗಿದಿರುತ್ತಿತ್ತು. ಬಿ.ಎ. ಮಾಡಿ ಮೇಷ್ಟರಾದ ನಾನು ತರಗತಿಯಲ್ಲಿ ಒಂದು ವಾಕ್ಯಕ್ಕೆ ತಡಕಾಡುವ ಹೊತ್ತಿಗೆ ಅವಳು ಹಿತ್ತಲ ಗೋಡೆಯ ಆಚೆ ಒಬ್ಬರಿಗೆ, ಈಚೆ ಒಬ್ಬರಿಗೆ ಉತ್ತರ ಕೊಟ್ಟು, ಒಲೆಯ ಮೇಲಿನ ಸಾರಿಗೂ ಒಂದು ಬೈಗುಳ ಕೊಟ್ಟಿರುತ್ತಿದ್ದಳು.

ಅಂತಹ ಮನೆಯಲ್ಲಿ ಈಗ ಒಂದು ಲೋಟ ನೀರು ಕೇಳುವುದಕ್ಕೆ ಅವಳ ಹಣೆಯಲ್ಲಿ ಬೆವರು ಒಡೆಯುತ್ತಿತ್ತು.

ಬೀದಿಯವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಬಂದರು. ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿದರೆ ಮಕ್ಕಳ ತೊದಲು ಹೋಗುತ್ತದಲ್ಲ, ಅದನ್ನು ಹಚ್ಚಿದೆವು. ನಾಲಿಗೆ ಸುಟ್ಟು, ಊಟ ಸೇರದ ಹಾಗಾಯಿತು. ಪಕ್ಕದ ಮನೆಯ ಮಲ್ಲಮ್ಮ, ‘ಆಡೇಳ್ಸಿ ಕಣವ್ವ. ಆಡೋವಾಗ ತೊದ್ಲು ನಿಂತೋಯ್ತದ’ ಎಂದರು. ಅದನ್ನು ಕೇಳಿ ನೀಲಳ ಕಣ್ಣಲ್ಲಿ ಆಸೆ ಹುಟ್ಟಿದ್ದನ್ನು ನಾನು ಕಂಡೆ. ರಾಗಿ ಬೀಸುವಾಗ ಅವಳು ಹಾಡುತ್ತಿದ್ದಳು. ಆವತ್ತು ಬೀಸುಕಲ್ಲಿನ ಮುಂದೆ ಕೂತು ಕಲ್ಲು ತಿರುಗಿಸಿ ಹಾಡು ಎತ್ತಿದಳು. ಮೊದಲ ಪದ ಬಂತು. ಎರಡನೆಯದರ ನಡುವೆ ಸಿಕ್ಕಿಕೊಂಡಳು. ಕಲ್ಲು ಇನ್ನೂ ಒಂದು ಸುತ್ತು ತಿರುಗಿತು. ಪದ ಮಾತ್ರ ಅಲ್ಲೇ ಇತ್ತು. ಎದ್ದು ಕೈ ಒರೆಸಿಕೊಂಡು ಒಳಗೆ ಹೋದಳು. ಆಮೇಲೆ ನಮ್ಮ ಮನೆಯಲ್ಲಿ ಬೀಸುವಾಗ ಹಾಡಿಲ್ಲ.

ಅವಳ ಕಷ್ಟ ನೋಡಲಾರದೆ ಎಲ್ಲರೂ ಅವಳ ಮಾತನ್ನು ಮುಗಿಸಿಕೊಡುವುದು ಅಭ್ಯಾಸವಾಯಿತು. ಅವಳು ‘ನೀ’ ಎಂದರೆ ‘ನೀರಾ’, ‘ಅ’ ಎಂದರೆ ‘ಅನ್ನವಾ’. ತಪ್ಪಾಗಿದ್ದರೂ ಅವಳು ತಲೆ ಆಡಿಸಿಬಿಡುತ್ತಿದ್ದಳು. ಮತ್ತೆ ಮೊದಲಿನಿಂದ ಶುರುಮಾಡುವುದಕ್ಕಿಂತ ಅದೇ ಸುಲಭ. ಅದನ್ನು ನಾವು ಒಪ್ಪಿಗೆ ಎಂದುಕೊಂಡೆವು.

ಆಗ ಗೌರಿಗೆ ಮಾತು ಕುದುರುತ್ತಿದ್ದ ವಯಸ್ಸು. ಒಂದು ದಿನ ನನ್ನನ್ನು ಕಂಡು ‘ಅ... ಅ... ಅಪ್ಪಾ’ ಎಂದಳು. ಅವ್ವ ಮೊರದಲ್ಲಿ ಕೇರುತ್ತಿದ್ದವರು ಕೈ ನಿಲ್ಲಿಸಿದರು. ಒಳಗಿನಿಂದ ಬರುತ್ತಿದ್ದ ನೀಲ ಹೊಸಲಿನಲ್ಲೇ ನಿಂತಳು.

ಮರುವಾರ ಭೀಮನಬೀಡಿನಿಂದ ದೊಡ್ಡಪ್ಪ ಬಂದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ಮಾತುಗಳೆಲ್ಲ ಅವರವೇ.

‘ನೋಡ್ಲಾ, ತೊದ್ಲು ಅನ್ನೋದು ಕೇಳ್ತಾ ಕೇಳ್ತಾ ಬರೋದು. ಮಗೀಗೆ ಅಂಟ್ಕಂಡ್ರೆ ನಾಳೆ ಎಣ್ಮಗು, ಯಾರ್ ಕಟ್ಕಂಡಾರು? ಅವ್ಳು ನಾಕ್ ದಿನ ತವ್ರಲ್ಲಿರ್ಲಿ. ಮಗು ಇಲ್ಲೇ ನಿಮ್ಮವ್ವನ ತಾವ ಇರ್ಲಿ.’

‘ಹಾಗೆಲ್ಲ ಅಂಟೋದಿಲ್ಲ ದೊಡ್ಡಪ್ಪ. ಅವಳನ್ನ ಮಗು ಬಿಡಿಸಿ ಕಳಿಸೋ ಮಾತು ಬೇಡ’ ಎಂದೆ.

‘ನೀ ಓದ್ದವ್ನು. ಸರಿ ಬುಡು’ ಎಂದರು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಪರೀಕ್ಷೆಯ ಕೆಲಸಕ್ಕೆ ನಾನು ಮೈಸೂರಿಗೆ ಹೋಗಬೇಕಾಯಿತು. ವಾರದ ಮೇಲೆ ಹಿಂತಿರುಗಿದಾಗ ಬಾಗಿಲಲ್ಲಿ ಅವ್ವ ಗೌರಿಯನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದರು. ಒಳಗೆ ನೀಲಳ ಸೀರೆಗಳಿದ್ದ ಹಗ್ಗ ಬರಿದಾಗಿತ್ತು.

‘ನಾವೇನ್ ಅಟ್ಟಲಿಲ್ಲ ಕಣಪ್ಪ’ ಎಂದರು ಅವ್ವ, ನಾನು ಕೇಳುವ ಮೊದಲೇ. ‘ಮಗೀನ ಬುಟ್ಟು ತವ್ರಲ್ ನಾಕ್ ದಿನ ಇರ್ಬೇಕಾ ಬೇಡ್ವಾ ಅಂತ ನಿಮ್ ದೊಡ್ಡಪ್ಪ ಅವ್ಳನ್ನೇ ಕೂರಿಸ್ಕಂಡು ಕೇಳುದ್ರು. ಬೇಕು ಅಂದ್ಲು. ನಾನೂ ಅಲ್ಲೇ ಇದ್ದೆ.’

ಬೇಕು ಅಂದಳು. ಜನರ ಕಣ್ಣಿನಿಂದ ದೂರ ಹೋಗಬೇಕು ಎನಿಸಿರಬಹುದು, ತವರಿನಲ್ಲಿ ನೆಮ್ಮದಿ ಇರಬಹುದು ಎಂದೆಲ್ಲ ಸಮಾಧಾನ ಮಾಡಿಕೊಂಡೆ. ಗೌರಿಯನ್ನು ಬಿಟ್ಟು ಹೋಗಲು ಅವಳು ಹೇಗೆ ಒಪ್ಪಿದಳು ಎಂಬಲ್ಲಿಗೆ ಬಂದರೆ ಸಮಾಧಾನ ನಿಲ್ಲುತ್ತಿತ್ತು. ಗೌರಿಗೆ ಜ್ವರ ಹತ್ತಿತು. ಅದು ಇಳಿದು ನಾನು ಉಡಿಗಾಲಕ್ಕೆ ಹೊರಡುವ ಹೊತ್ತಿಗೆ ಕೆಲವು ವಾರಗಳೇ ಕಳೆದಿದ್ದವು. ಮಗು ಇನ್ನೂ ನಿತ್ರಾಣವಾಗಿದ್ದರಿಂದ ಒಬ್ಬನೇ ಚಾಮರಾಜನಗರದ ಬಸ್ಸು ಹತ್ತಿ ಹೋದೆ.

ನಾನು ಒಳಗೆ ಕಾಲಿಟ್ಟಾಗ ನೀಲ ಪಡಸಾಲೆಯಲ್ಲಿ ಕೂತಿದ್ದಳು. ಎದ್ದಳು. ನನ್ನ ಮುಖ ನೋಡಲಿಲ್ಲ, ನನ್ನ ಹಿಂದೆ ನೋಡಿದಳು. ಬಾಗಿಲಿನ ಹೊರಗೆ, ಬೀದಿಯ ತನಕ. ಅಲ್ಲಿ ಯಾರೂ ಇಲ್ಲವೆಂದು ಗೊತ್ತಾದ ಮೇಲೆ ಮತ್ತೆ ಕೂತಳು.

‘ಬನ್ನಿ ಅಳೀಮಯ್ಯ’ ಎಂದು ಮಾವ ಕಂಬಳಿ ಹಾಸಿದರು. ‘ನೋಡಿ, ಬಂದಾಗ್ಲಿಂದ ಮೂಕೀನೇ ಆಗೋಗವಳೆ. ನಿಮ್ ತಾವಾದ್ರೂ ಮಾತಾಡ್ತಾಳೇನೋ.’

ಅತ್ತೆ ಮಜ್ಜಿಗೆ ತಂದರು. ‘ನಿಂಗೂ ಬೇಕೇನವ್ವ?’

‘ಬೇ... ಬೇ...’

‘ತಕೊ’ ಎಂದು ಅತ್ತೆ ಅವಳಿಗೂ ಒಂದು ಲೋಟ ಬಗ್ಗಿಸಿಕೊಟ್ಟರು. ನೀಲ ಲೋಟವನ್ನು ಪಕ್ಕದಲ್ಲಿ ಇಟ್ಟುಕೊಂಡಳು. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಅದು ಹಾಗೆಯೇ ಇತ್ತು. ಮಜ್ಜಿಗೆಯ ಮೇಲೆ ಒಂದು ನೊಣ ಕೂತಿತು. ಆ ಲೋಟವನ್ನು ನೋಡುತ್ತಾ ನನ್ನೊಳಗೆ ಏನೋ ಮಿಸುಕಿತು; ಏನೆಂದು ಆಗ ತಿಳಿಯಲಿಲ್ಲ. ಅವಳು ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಹಿತ್ತಲ ಬಾಗಿಲಿನಿಂದ ಬಾವಿ ಕಾಣುತ್ತಿತ್ತು. ಹಳೆಯ ಬಾವಿ, ಕಟ್ಟೆ ಮೊಣಕಾಲಿನ ಎತ್ತರ. ಅವಳು ಹಗ್ಗ ಇಳಿಬಿಟ್ಟು, ಸೇದುತ್ತಾ, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಯಾರೋ ಕರೆದರೆನ್ನುವಂತೆ ಕತ್ತು ಒಂದು ಕಡೆ ತಿರುಗಿತು. ಹಗ್ಗ ಸರ್ರನೆ ಜಾರಿ, ರಾಟೆ ಕಿರುಚಿ, ಕೊಡ ಕೆಳಗೆ ನೀರಿಗೆ ಬಡಿಯಿತು. ಅವಳ ಮೈ ಕೊರಡಿನ ಹಾಗೆ ಸೆಟೆದು ಬಾವಿಯ ಕಡೆಗೇ ವಾಲತೊಡಗಿತು. ಇದೆಲ್ಲ ಎಷ್ಟು ನಿಧಾನವಾಗಿ ನಡೆಯಿತೆಂದರೆ ಈಗಲೂ ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಹೇಳಬಲ್ಲೆ. ನಾನು ಓಡಿದ್ದು ಮಾತ್ರ ನೆನಪಿಲ್ಲ. ಸೆರಗು ಕೈಗೆ ಸಿಕ್ಕಿತು, ಹರಿಯಿತು. ಇನ್ನೊಂದು ಕೈಗೆ ಜಡೆ ಸಿಕ್ಕಿತು. ಜಡೆ ಹಿಡಿದು ಹಿಂದಕ್ಕೆ ಎಳೆದುಕೊಂಡೆ. ಇಬ್ಬರೂ ಕಟ್ಟೆಯ ಈಚೆ ಬಿದ್ದೆವು. ಅವಳ ಒಂದು ಕಾಲು ಕಟ್ಟೆಯ ಮೇಲೆ ಬಡಿದುಕೊಳ್ಳುತ್ತಿತ್ತು.

ಮಾವ ಗಾಡಿ ಕಟ್ಟಿದರು. ಚಾಮರಾಜನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನ್ನ ಮುಷ್ಟಿಯಲ್ಲಿ ಅವಳ ಕೂದಲು ಇನ್ನೂ ಇತ್ತು. ಎದುರಿಗಿದ್ದ ಬಾಣಂತಿಯೊಬ್ಬಳು ನನ್ನ ಕೈ ನೋಡಿ ಮುಖ ತಿರುಗಿಸಿಕೊಂಡಳು. ನಾನು ಹೆಂಡತಿಯನ್ನು ಹೊಡೆದವನು ಎಂದುಕೊಂಡಿರಬೇಕು.

ಅಲ್ಲಿದ್ದ ಡಾಕ್ಟರು ವಯಸ್ಸಾದವರು, ಮೆಲುಮಾತಿನವರು. ಅವಳಿಗೆ ಪೂರ್ತಿ ಎಚ್ಚರ ಬರುವ ತನಕ ಕಾದು, ಗುಳಿಗೆಯ ವಿಷಯ ಕೇಳಿದರು. ನಾನು ಮಾವನ ಕಡೆ ನೋಡಿದೆ.

‘ಮುಗ್ದೋದಾಗ ಕೇಳ್ದೆ ಸ್ವಾಮಿ, ಗುಂಡ್ಲುಪ್ಯಾಟೆಯಿಂದ ತರ್ಸಬೇಕಾ ಅಂತ. ಬೇಡ ಅಂದ್ಲು. ವಾಸಿಯಾಗೋಗದಲ್ಲ ಅಂದ್ಕಂಡು ಸುಮ್ಕಾದೆ.’

ಡಾಕ್ಟರು ಹಾಸಿಗೆಯ ಕಡೆ ತಿರುಗಿದರು. ‘ಬೇಡ ಅಂದೆಯಾ ಮಗಳೇ?’

ಅತ್ತೆ, ಮಾವ, ನಾನು ಮೂವರೂ ಒಟ್ಟಿಗೇ ಬಾಯಿ ತೆರೆದೆವು. ಡಾಕ್ಟರು ನಮ್ಮ ಕಡೆ ನೋಡದೆಯೇ ಕೈ ಎತ್ತಿ ತಡೆದರು. ಸ್ಟೂಲು ಎಳೆದುಕೊಂಡು ಕೂತರು. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಮಾಡಲು ಬೇರೇನೂ ಕೆಲಸವಿಲ್ಲದವರ ಹಾಗೆ ಸುಮ್ಮನಿದ್ದರು. ಹೊರಗೆ ಕಾದಿದ್ದವರು ಬಾಗಿಲಲ್ಲಿ ಇಣುಕುತ್ತಿದ್ದರು.

‘ಬೇ...’ ಎಂದಳು ನೀಲ. ‘ಬೇ... ಬೇ... ಬೇ...’

ಕುತ್ತಿಗೆಯ ನರ ಉಬ್ಬಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಡಾಕ್ಟರು ಕದಲಲಿಲ್ಲ.

‘ಬೇ... ಕು. ಬೇಕು ಅಂ... ಅಂದೆ.’

ಅವಳು ನನ್ನ ಕಡೆ ತಿರುಗಿದಳು. ಈ ಸಲ ನನ್ನ ಹಿಂದೆ ನೋಡಲಿಲ್ಲ, ನನ್ನನ್ನೇ ನೋಡಿದಳು.

‘ಗೌ... ಗೌರೀನ... ಬು... ಬು... ಬುಟ್ಟು... ಬೇ... ಬೇ...’

ನನ್ನ ತುಟಿ ಅಲುಗಿರಬೇಕು. ಡಾಕ್ಟರು ನನ್ನ ಮೊಣಕೈ ಹಿಡಿದುಕೊಂಡರು.

‘ಬೇ... ಡ. ಬೇಡ ಅಂದೆ ನಾ... ನಾನು.’

ಬೇಕು ಎಂಬುದಕ್ಕೂ ಬೇಡ ಎಂಬುದಕ್ಕೂ ನಮ್ಮ ಮಾತಿನಲ್ಲಿ ಮೊದಲಕ್ಷರ ಒಂದೇ. ದೊಡ್ಡಪ್ಪ ಅದನ್ನು ಬೇಕು ಎಂದು ಮುಗಿಸಿದ್ದರು, ಮಾವ ಬೇಡ ಎಂದು ಮುಗಿಸಿದ್ದರು. ಮೊದಲನೆಯದರಿಂದ ಅವಳ ಮಗು ಹೋಗಿತ್ತು, ಎರಡನೆಯದರಿಂದ ಪ್ರಾಣ ಹೋಗುವುದರಲ್ಲಿತ್ತು. ಎರಡೂ ಸಲ ಅವಳು ತಲೆ ಅಲ್ಲಾಡಿಸಿ ಅಡ್ಡಿ ಹೇಳಲಿಲ್ಲವೇ ಎಂದು ಆಮೇಲೆ ಕೆಲವರು ನನ್ನನ್ನು ಕೇಳಿದ್ದಾರೆ. ಮಾತಿನ ಮಧ್ಯೆ ಸಿಕ್ಕಿಕೊಂಡವಳ ಕತ್ತೂ ಸೆಟೆದಿರುತ್ತದೆ. ಅದು ಬಿಡುವ ಹೊತ್ತಿಗೆ ಜನ ಎದ್ದು ಹೋಗಿರುತ್ತಾರೆ.

ಮಾವ ಮೂಲೆಗೆ ಹೋಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ‘ನಾನೇ ತಳ್ಬುಟ್ಟಿದ್ನಲ್ಲ ಬಾವಿಗೆ’ ಎಂದು ಒಂದೇ ಸಮನೆ ಹೇಳುತ್ತಿದ್ದರು. ನೀಲ ಅತ್ತೆಯ ಕೈ ಎಳೆದು ಅವರ ಕಡೆ ತೋರಿಸಿದಳು, ಹೋಗಿ ಸಮಾಧಾನ ಮಾಡು ಎನ್ನುವಂತೆ.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಮಾತಿಗೆ ಗುಳಿಗೆಯಿಲ್ಲ ಎಂದರು. ಮೊದಲಕ್ಷರವನ್ನು ಒತ್ತದೆ, ಉದ್ದಕ್ಕೆ ಎಳೆದು, ಹೆಬ್ಬೆರಳನ್ನು ಒಂದೊಂದು ಬೆರಳಿಗೂ ಮುಟ್ಟಿಸುತ್ತ ಒಂದೊಂದೇ ಅಕ್ಷರ ಬಿಡುವುದನ್ನು ಅವಳ ಜೊತೆ ಕೂತು ಹೇಳಿಕೊಟ್ಟರು. ‘ಎಷ್ಟು ಬರುತ್ತದೋ ಅಷ್ಟು. ಮೊದಲಿನ ಹಾಗೆ ಆಗದೆಯೂ ಇರಬಹುದು ಮಗಳೇ, ನಿನಗೆ ಸುಳ್ಳು ಹೇಳುವುದಿಲ್ಲ.’ ಮಗುವಿಗೆ ಅಂಟುತ್ತದೆಯೇ ಎಂದು ಕೇಳಿದಾಗ, ‘ಮಕ್ಕಳು ಆ ವಯಸ್ಸಿನಲ್ಲಿ ಕೋಳಿ ಕೂಗಿದರೂ ಕೂಗುತ್ತವೆ. ಕೋಳಿ ಆಗುವುದಿಲ್ಲ’ ಎಂದರು. ಹೊರಡುವಾಗ ನಮ್ಮ ಮೂವರನ್ನೂ ನೋಡಿ, ‘ಇನ್ನೊಂದು ಔಷಧಿ ನಿಮಗೆ. ಅವಳು ಬೇ ಎಂದ ಮೇಲೆ ನೀವು ಬಾಯಿ ಮುಚ್ಚಿಕೊಂಡಿರಬೇಕು’ ಎಂದರು.

ಗುಂಡ್ಲುಪೇಟೆಗೆ ಕರೆತಂದಾಗ ಗೌರಿ ಅಜ್ಜಿಯ ಸೀರೆಯ ಹಿಂದೆ ಬಚ್ಚಿಟ್ಟುಕೊಂಡಳು. ನೀಲ ಬಾಗಿಲಲ್ಲೇ ಕೂತು ಕೈ ಚಾಚಿದಳು, ಹೆಸರು ಹಿಡಿದು ಕರೆಯಲು ಹೋದಳು. ‘ಗೌ... ಗೌ...’ ಎನ್ನುತ್ತಿದ್ದಂತೆ ಮಗು ಇನ್ನಷ್ಟು ಹಿಂದೆ ಸರಿಯಿತು. ಅವಳು ಕೈ ಮಡಚಿಕೊಳ್ಳಲಿಲ್ಲ. ಹಾಗೆಯೇ ಕೂತಿದ್ದಳು. ಅವ್ವ ಒಲೆಯ ಕಡೆ ಹೋಗಿ ಬೆನ್ನು ತಿರುಗಿಸಿ ನಿಂತರು. ಸಂಜೆಯ ಹೊತ್ತಿಗೆ ಗೌರಿ ತಾನಾಗಿಯೇ ಬಂದು ಅವಳ ಬಳೆ ಮುಟ್ಟಿ ನೋಡಿದಳು.

ದೊಡ್ಡಪ್ಪ ಸಂಗತಿ ಕೇಳಿದ ಮೇಲೆ ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ಕೊನೆಗೊಂದು ದಿನ ಅವರೆಕಾಯಿಯ ಚೀಲ ಹೊತ್ತು ಬಂದರು. ಊಟಕ್ಕೆ ಕೂತಾಗ ನೀಲ ಮುದ್ದೆಯ ತಟ್ಟೆ ಹಿಡಿದು ಮುಂದೆ ನಿಂತು, ‘ಇ... ಇನ್ನೊಂದು ಮು... ಮು... ಮುದ್ದೆ ಬೇ... ಬೇ...’ ಎಂದಳು. ದೊಡ್ಡಪ್ಪ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, ಜಾತಕ ಓದುವವರ ಮುಂದೆ ಕೂತ ಹಾಗೆ ತಲೆ ತಗ್ಗಿಸಿ ಕಾದರು. ಸಾರು ಆರಿತು.

‘ಬೇಕಾ?’

‘ಬೇಕು ಕಣವ್ವ’ ಎಂದರು. ಮುದ್ದೆ ಹಾಕಿಸಿಕೊಂಡು, ‘ಒಟ್ಟೆ ತುಂಬೋಗದ. ಆದ್ರೂ ನೀ ಕಷ್ಟಪಟ್ ಕೇಳ್ದ ಮ್ಯಾಲೆ ಬೇಡ ಅನ್ನಕ್ಕಾದಾತಾ?’ ಎಂದರು. ನೀಲ ನಕ್ಕಳು. ಅವರ ಕಣ್ಣಿಂದ ನೀರು ತಟ್ಟೆಗೆ ಬಿತ್ತು.

ತೊದಲು ಹೋಗಿಲ್ಲ. ಕೆಲವು ದಿನ ಬೆರಳಿನ ಲೆಕ್ಕ ಅವಳ ಮಾತು ಕೇಳುತ್ತದೆ, ಕೆಲವು ದಿನ ಕೇಳುವುದಿಲ್ಲ. ಸಂತೆಗೆ ಅವಳು ಹೋಗುವುದಿಲ್ಲ. ಹಿತ್ತಲ ಗೋಡೆಯ ಆಚೆಯಿಂದ ಕರೆದರೆ ಕೈ ಬೀಸುತ್ತಾಳೆ. ನಾನು ಚಪ್ಪಲಿ ಬಿಡುವಾಗ ಮನೆ ನಿಶ್ಶಬ್ದವಾಗಿರುತ್ತದೆ. ಅದಕ್ಕೆ ನನ್ನ ಕಿವಿ ಇಷ್ಟು ದಿನವಾದರೂ ಒಗ್ಗಿಲ್ಲ. ರಾಗಿ ಮಿಷನ್ನು ಎಂಬ ಹೆಸರನ್ನು ಅವ್ವ ಮತ್ತೆ ಬಾಯಿಗೆ ತಂದಿಲ್ಲ. ಗೌರಿ ಮಾತ್ರ ಈಗ ಸಲೀಸಾಗಿ ಮಾತಾಡುತ್ತಾಳೆ. ಅವಳು ಬೀದಿಯ ಸಮಾಚಾರ ಒದರುವಾಗ ನೀಲ ಕೆಲಸ ಬಿಟ್ಟು ಕೇಳುತ್ತಾ ಕೂತಿರುತ್ತಾಳೆ.

ಬಾವಿಯ ದಿನದಿಂದ ನಮ್ಮ ಮನೆಯಲ್ಲಿ ಲಾಂದ್ರ ಆರಿಸುತ್ತಿರಲಿಲ್ಲ. ಮಲಗಿದಲ್ಲಿ ಮೈ ಸೆಟೆದರೆ ಕಾಣಬೇಕಲ್ಲ ಎಂದು ನಾನೂ ಅವ್ವನೂ ಸರದಿಯ ಮೇಲೆ ಎದ್ದು ನೋಡುತ್ತಿದ್ದೆವು. ನಮ್ಮದು ಹೆದ್ದಾರಿಯ ಪಕ್ಕದ ಮನೆ. ಲಾರಿಯ ಹಾರನ್ನು ಕೇಳಿದರೆ ನೀಲ ಬೆಚ್ಚಿ ಎದ್ದು ಗೌರಿಯ ಮೇಲೆ ಬಾಗುವಳು. ಅವಳು ಎದ್ದಳೆಂದು ನಾನು ಏಳುವೆ. ಫಿಟ್ಸ್ ಮತ್ತೆ ಬರಲಿಲ್ಲ. ಆದರೂ ಬೆಳಕು ಆರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಮರುವರ್ಷದ ಮೊದಲ ಮಳೆ ಬಿದ್ದ ದಿನ. ಹಾಸಿಗೆ ಹಾಸಿ, ಎಂದಿನಂತೆ ಲಾಂದ್ರದ ಬತ್ತಿಯನ್ನು ಸಣ್ಣದು ಮಾಡುತ್ತಾ ಸುಮ್ಮನೆ ಕೇಳಿದೆ: ‘ದೀಪ ಬೇಕಾ?’

‘ಬೇ...’ ಎಂದಳು.

ಅವ್ವ ಗೋಡೆಯ ಬದಿಯಿಂದ, ‘ಇರ್ಲಿ ಬುಡಪ್ಪ, ಬೇ...’ ಎನ್ನಹೋದರು. ಗೌರಿ ಎದ್ದು ಕೂತು ಅಜ್ಜಿಯ ಬಾಯಿಗೆ ಅಂಗೈ ಅಡ್ಡ ಹಿಡಿದಳು. ‘ತಾಳಜ್ಜಿ. ಅವ್ವ ಏಳ್ತಾವ್ಳೆ.’

ಕಾದೆವು. ಹಂಚಿನ ಮೇಲೆ ಹನಿ ಬೀಳುತ್ತಿತ್ತು. ನೀಲಳ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು, ನಡುಬೆರಳಿಗೆ ಹೋಯಿತು.

‘ಬೇ... ಡ.’

ಲಾಂದ್ರದ ಗಾಜು ಎತ್ತಿ ಊದಿದೆ. ಆ ರಾತ್ರಿಯೂ ಲಾರಿಗಳು ಹೋಗಿರಬೇಕು, ಹಾರನ್ನು ಹೊಡೆದಿರಬೇಕು. ಹಾಲಿನವಳು ಬಾಗಿಲು ಬಡಿದು, ‘ಯಾಕ್ರವ್ವ, ಬಿಸ್ಲು ಬಂದು ಎಷ್ಟೊತ್ತಾಯ್ತು’ ಎಂದು ಬೈದಾಗಲೇ ನಮಗೆಲ್ಲ ಎಚ್ಚರವಾದದ್ದು.